ಮತ್ತೊಮ್ಮೆ ಓದಿದ ‘ಮರಳಿ ಮಣ್ಣಿಗೆ’

ಕೆಲವು ಕಾದಂಬರಿಗಳಿಗೆ ವಿಚಿತ್ರವಾದ ಭಾಗ್ಯವೊಂದು ಒದಗುತ್ತದೆ. ಅವುಗಳ ಹೆಸರನ್ನು ಕೇಳದವರಿಲ್ಲ; ಅವನ್ನು ಹೊಗಳದ ವಿಮರ್ಶಕರಿಲ್ಲ. ಪುಸ್ತಕ ಮಾತ್ರ ಕಪಾಟಿನಿಂದ ಕೆಳಗಿಳಿಯುವುದಿಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಅಂತಹ ಭಾಗ್ಯ ಪಡೆದ ಕೃತಿಗಳಲ್ಲೊಂದು. 1940ರ ದಶಕದ ಮೊದಲಲ್ಲಿ ಹೊರಬಂದ ಈ ಕಾದಂಬರಿ ಎಂಟು ದಶಕಗಳನ್ನು ದಾಟಿದೆ. ರಾಮ ಐತಾಳ, ಅವರ ಮಗ ಲಚ್ಚ, ಲಚ್ಚನ ಮಗ ರಾಮ ಎಂದು ಮೂರು ತಲೆಮಾರುಗಳನ್ನು ಬೆರಳ ಮೇಲೆ ಎಣಿಸಬಲ್ಲ ವಿದ್ಯಾರ್ಥಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಎಣಿಕೆ ಅಲ್ಲಿಗೆ ಮುಗಿಯುತ್ತದೆ. ಗೈಡಿನಲ್ಲಿ ಇರುವುದೂ ಅಷ್ಟೆ.

ಈಚೆಗೆ ನಾನು ಈ ಕಾದಂಬರಿಯನ್ನು ಮತ್ತೆ ಓದತೊಡಗಿದೆ. ನನಗಾಗಿ ಅಲ್ಲ, ಕಣ್ಣು ಮಂಜಾಗಿರುವ ನಮ್ಮ ಚಿಕ್ಕಮ್ಮನಿಗಾಗಿ. ಆಕೆ ಕಡಲ ಸೀಮೆಯಲ್ಲಿ ಹುಟ್ಟಿ ಬೆಳೆದವರು, ಎಂಬತ್ತನ್ನು ದಾಟಿದವರು. ಯಾವ ಪುಸ್ತಕ ಓದಲಿ ಎಂದು ಕೇಳಿದಾಗ, ಒಂದಿಷ್ಟೂ ಯೋಚಿಸದೆ, “ಆ ಪಾರೋತಿಯ ಕಥೆ ಓದು ಮಾಣಿ” ಎಂದರು. ಅರುವತ್ತೈದು ದಾಟಿದ ನಾನು ಅವರಿಗೆ ಇಂದಿಗೂ ಮಾಣಿಯೇ.

ಪಾರೋತಿಯ ಕಥೆ! ಮೂರು ತಲೆಮಾರಿನ ಗಂಡಸರ ಹೆಸರಿನಲ್ಲಿ ನಾವು ಪಾಠ ಹೇಳುವ ಕಾದಂಬರಿಗೆ ಆಕೆ ಕೊಟ್ಟ ಹೆಸರು ಅದು. ಕಾರಣವನ್ನೂ ಅವರೇ ಹೇಳಿದರು. ಅವರು ಹುಡುಗಿಯಾಗಿದ್ದಾಗ ಮನೆಗೆ ಎಲ್ಲಿಂದಲೋ ಈ ಪುಸ್ತಕ ಎರವಲು ಬಂದಿತಂತೆ. ರಾತ್ರಿ ಊಟವಾದ ಮೇಲೆ ಲಾಟೀನಿನ ಬೆಳಕಿನಲ್ಲಿ ಮನೆಯ ಹಿರಿಯರು ಚಾವಡಿಯಲ್ಲಿ ಕುಳಿತು ಗಟ್ಟಿಯಾಗಿ ಓದುವರು. ಹೆಂಗಸರು ಒಳಬಾಗಿಲ ಬಳಿ ಹೂಬತ್ತಿ ಹೊಸೆಯುತ್ತ ಕೇಳುವರು. ಹೀಗೆ ಕೇಳುತ್ತಿರುವಾಗ ಒಂದು ರಾತ್ರಿ ಕೊಟ್ಟಿಗೆಯಲ್ಲಿ ಹಸು ಕರು ಹಾಕಿತು. ಚಿಕ್ಕಮ್ಮನನ್ನು ಅಲ್ಲಿಗೆ ಅಟ್ಟಿದರು. ಆಕೆ ಮರಳಿ ಬರುವಷ್ಟರಲ್ಲಿ ಕಥೆ ಬಹಳ ಮುಂದೆ ಹೋಗಿತ್ತು. ಪಾರೋತಿ ಕಥೆಯಲ್ಲಿ ಇರಲಿಲ್ಲ. ಏನಾಯಿತೆಂದು ಕೇಳುವ ಧೈರ್ಯ ಆಗಿನ ಹುಡುಗಿಗೆಲ್ಲಿಂದ ಬರಬೇಕು? ವಾರದೊಳಗೆ ಪುಸ್ತಕ ಇನ್ನೊಂದು ಮನೆಗೆ ಹೋಯಿತು.

ನಮ್ಮ ಕಾದಂಬರಿಗಳು ವಾಚಕರನ್ನು ಸಂಪಾದಿಸಿದ ಬಗೆ ಹೀಗೆಯೇ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಪ್ರಸಿದ್ಧವಾದ ಮಾತು. ಹಾಗೆ ಮಾರಾಟವಾದ ಒಂದೊಂದು ಪ್ರತಿಯೂ ಹತ್ತಾರು ಕಿವಿಗಳನ್ನು ಮುಟ್ಟುತ್ತಿತ್ತು. ಪ್ರತಿಗಳ ಸಂಖ್ಯೆಯನ್ನು ನೋಡಿ ವಾಚಕರ ಸಂಖ್ಯೆಯನ್ನು ಹೇಳುವಂತಿರಲಿಲ್ಲ. ಜೈಮಿನಿ ಭಾರತವನ್ನು ಕೇಳಿ ಪಳಗಿದ್ದ ಕಿವಿಗಳು ಕಾದಂಬರಿಯನ್ನೂ ಅದೇ ರೀತಿ ಬರಮಾಡಿಕೊಂಡವು. ಒಬ್ಬರೇ ಮೂಲೆಯಲ್ಲಿ ಕುಳಿತು ಮೌನವಾಗಿ ಓದುವ ಅಭ್ಯಾಸ ಅನಂತರದ್ದು. ಬಾಡಿಗೆ ಪುಸ್ತಕದ ಅಂಗಡಿ, ವಾರಪತ್ರಿಕೆಯ ಧಾರಾವಾಹಿ, ಸರಕಾರಿ ಗ್ರಂಥಾಲಯ ಇವೆಲ್ಲ ಅದನ್ನು ಬೆಳೆಸಿದವು. ಈಗ ಎಳೆಯರು ಫೋನಿನಲ್ಲಿ ಕಾದಂಬರಿಯನ್ನು ಕೇಳುತ್ತಾರೆಂದು ನನ್ನ ಸಹೋದ್ಯೋಗಿಗಳು ಕೆಲವರು ಮೂಗು ಮುರಿಯುತ್ತಾರೆ. ನಾನು ಆ ಗುಂಪಿಗೆ ಸೇರಿದವನಲ್ಲ. ಕೇಳುವುದು ನಮ್ಮ ಹಳೆಯ ಪದ್ಧತಿಯೇ. ವ್ಯತ್ಯಾಸವಿರುವುದು ಬೇರೆಡೆ: ಫೋನಿನಲ್ಲಿ ಓದುವವರನ್ನು ನಡುವೆ ತಡೆದು “ಹಾಗೆಂದರೇನು?” ಎನ್ನಲು ಬರುವುದಿಲ್ಲ, ಪಕ್ಕದಲ್ಲಿ ಕುಳಿತು ನಿಟ್ಟುಸಿರು ಬಿಡುವವರೂ ಇಲ್ಲ.

ಗಟ್ಟಿಯಾಗಿ ಓದುವಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಮೌನವಾಗಿ ಓದುವಾಗ ಕಣ್ಣು ಪುಟಗಳನ್ನು ಹಾರಿಸಿಕೊಂಡು ಹೋಗುತ್ತದೆ. ನಾಲಗೆಗೆ ಆ ಸ್ವಾತಂತ್ರ್ಯವಿಲ್ಲ. ಕೋಡಿಯ ಆ ಮನೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ಆ ಮಳೆ, ಆ ಗದ್ದೆಯ ಕೆಸರು, ಇವನ್ನೆಲ್ಲ ಕಾರಂತರು ಅವಸರವಿಲ್ಲದೆ ಬರೆದಿದ್ದಾರೆ. ಪಾರೋತಿಯೂ ಆಕೆಯ ವಿಧವೆ ನಾದಿನಿ ಸರಸೋತಿಯೂ ಬೆಳಗಿನಿಂದ ರಾತ್ರಿಯವರೆಗೆ ಮಾಡುವ ಕೆಲಸಗಳ ವಿವರಣೆ ಮೊದಲ ಓದಿನಲ್ಲಿ ದೀರ್ಘವೆನಿಸೀತು. ಆದರೆ ಆ ಕೆಲಸವೇ ದೀರ್ಘವಾದುದಲ್ಲವೆ? ಅದನ್ನು ಮೊಟಕುಮಾಡಿದರೆ ಐತಾಳರ ಮನೆ ಯಾರ ಬೆನ್ನಿನ ಮೇಲೆ ನಿಂತಿತ್ತೆಂಬುದು ತಿಳಿಯುವುದೇ ಇಲ್ಲ. ಮಕ್ಕಳಿಲ್ಲದ ಪಾರೋತಿಯ ಮನೆಗೆ ಸವತಿಯಾಗಿ ಸತ್ಯಭಾಮೆ ಬರುವಾಗ ಲೇಖಕರು ಕಣ್ಣೀರಿಗೆ ಕರೆಕೊಡುವುದಿಲ್ಲ. ಅಷ್ಟು ಪುಟಗಳ ದುಡಿಮೆಯನ್ನು ಕಂಡ ವಾಚಕರಿಗೆ ಅದರ ಅಗತ್ಯವೂ ಇಲ್ಲ. ಕಾಲೇಜಿನಲ್ಲಿ ಓದಿದಾಗ ನನ್ನ ಮನಸ್ಸನ್ನು ಸೆಳೆದವನು ಮೊಮ್ಮಗ ರಾಮ: ಮದರಾಸಿಗೆ ಓದಲು ಹೋದವನು, ಚಳವಳಿಗೆ ಧುಮುಕಿದವನು, ಕೆಲಸ ಸಿಗದೆ ಅಲೆದವನು. ಇಪ್ಪತ್ತರ ವಯಸ್ಸಿಗೆ ಅವನೇ ಸರಿ. ಈಗ ನನ್ನ ಗಮನವೆಲ್ಲ ಆ ಇಬ್ಬರು ಹೆಂಗಸರ ಕಡೆಗೆ.

ಪಾರೋತಿಯ ಸಾವಿನ ಭಾಗವನ್ನು ಓದಿದ ದಿನ ಚಿಕ್ಕಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಷ್ಟೇ ಹೌದಾ?” ಎಂದು ಕೇಳಿದರು. ಅಷ್ಟೇ ಎಂದೆ. “ಇನ್ನೊಂದ್ ಸಲ ಓದು.” ಓದಿದೆ. ಮರುದಿನ ಅವರು ಪುಸ್ತಕದ ಮಾತೆತ್ತಲಿಲ್ಲ. ಅದರ ಮರುದಿನವೂ ಇಲ್ಲ. ಇಲ್ಲಿಗೆ ನಿಂತಿತೆಂದುಕೊಂಡೆ. ನಾಲ್ಕನೆಯ ದಿನ ಸಂಜೆ ಅವರೇ ಕರೆದು, ಸರಸೋತಿ ಮುಂದೆ ಒಬ್ಬಳೇ ಹೇಗೆ ಇದ್ದಳೆಂದು ತಿಳಿಯಬೇಕು ಎಂದರು.

ಈಗ ನೆರೆಮನೆಯ ಹುಡುಗಿಯೊಬ್ಬಳು ಬಂದು ಕೂಡುತ್ತಾಳೆ. ಬಿ.ಎ. ತರಗತಿಯಲ್ಲಿ ಓದುತ್ತಿರುವ ಬಯಲುಸೀಮೆಯ ಹುಡುಗಿ. ನನ್ನ ಗಂಟಲು ಕಟ್ಟಿದಾಗ ಅವಳು ಮುಂದುವರಿಸುತ್ತಾಳೆ. ಕರಾವಳಿಯ ಮಾತು ಬಂದಲ್ಲಿ ತಡವರಿಸುತ್ತಾಳೆ. ಚಿಕ್ಕಮ್ಮ ಅಲ್ಲಿಯೇ ತಡೆದು ಅರ್ಥ ಹೇಳುತ್ತಾರೆ. ಮೊನ್ನೆ ಅಕ್ಕಿಮುಡಿಯನ್ನು ಬೈಹುಲ್ಲಿನಲ್ಲಿ ಕಟ್ಟುವ ಬಗೆಯನ್ನು ಕೈಯಾಡಿಸಿ ತೋರಿಸುವುದರಲ್ಲಿಯೇ ಒಂದು ಸಂಜೆ ಕಳೆಯಿತು, ಪುಟ ಮುಂದೆ ಸಾಗಲಿಲ್ಲ. ಪರೀಕ್ಷೆಯೊಳಗೆ ಪುಸ್ತಕ ಮುಗಿಯಲಾರದೆಂದು ಹುಡುಗಿಗೂ ತಿಳಿದಿದೆ. ಲಚ್ಚನ ಕೈ ಹಿಡಿದ ನಾಗವೇಣಿ ಈಗತಾನೆ ಆ ಮನೆಯ ಹೊಸ್ತಿಲನ್ನು ದಾಟಿ ಒಳಬಂದಿದ್ದಾಳೆ.