ಭದ್ರಾವತಿಗೂ ಒಂದು ಕೌಂಟಿ ತಂಡ ಇದ್ದಿದ್ದರೆ?

ಕೌಂಟಿ ಕ್ರಿಕೆಟ್ ಅಂದ ಕೂಡಲೇ ನಮಗೆ ಬಿಳಿ ಸ್ವೆಟರ್, ಹಸಿರು ಮೈದಾನ, ಟೀ ವಿರಾಮ ನೆನಪಾಗುತ್ತೆ. ದೊರೆಗಳ ಆಟ ಅನ್ಸುತ್ತೆ. ಆದರೆ ಕೌಂಟಿ ಅಂದ್ರೇನು? ನಮ್ಮ ಲೆಕ್ಕದಲ್ಲಿ ಜಿಲ್ಲೆ. ಜಿಲ್ಲೆಗಳ ನಡುವಿನ ಚಾಂಪಿಯನ್‌ಷಿಪ್ ಅಷ್ಟೇ. 1890ರಲ್ಲಿ ಅಧಿಕೃತವಾಗಿ ಶುರುವಾಯ್ತು. ಇವತ್ತು 18 ತಂಡಗಳಿವೆ.

ದೊರೆಗಳು ಮಾತ್ರ ಆಡಿದ್ದೂ ಅಲ್ಲ. ಬ್ರಾಡ್ಮನ್‌ರನ್ನೇ ಕಾಡಿದ ವೇಗಿ ಹೆರಾಲ್ಡ್ ಲಾರ್‌ವುಡ್, 14ನೇ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದಿದ್ದ ಹುಡುಗ. ಅವನನ್ನು ಬೆಳೆಸಿದ್ದು ಅವನದೇ ಜಿಲ್ಲೆಯ ತಂಡ, ನಾಟಿಂಗ್‌ಹ್ಯಾಮ್‌ಷೈರ್.

ಈಗ ನಮ್ಮ ಕಡೆ ಬನ್ನಿ. ಗಣಿ ಊರಲ್ಲ, ಕಬ್ಬಿಣದ ಊರು ಭದ್ರಾವತಿ. 1923ರಲ್ಲಿ ಇಲ್ಲಿನ ಕಾರ್ಖಾನೆ ಉತ್ಪಾದನೆ ಶುರು ಮಾಡಿತು. 1949ರ ಫೆಬ್ರವರಿ 12ರಂದು ಇದೇ ಊರಲ್ಲಿ ಹುಟ್ಟಿದವರು ಗುಂಡಪ್ಪ ವಿಶ್ವನಾಥ್. 91 ಟೆಸ್ಟ್, 6,080 ರನ್.

ವಿಶಿಗೂ ಕೌಂಟಿಗೂ ಒಂದು ಚೆಂದದ ನಂಟಿದೆ. 1980ರ ಬಾಂಬೆ ಟೆಸ್ಟ್. ವಿಶಿ ನಾಯಕ. ಡರ್ಬಿಷೈರ್‌ನ ವಿಕೆಟ್ ಕೀಪರ್ ಬಾಬ್ ಟೇಲರ್ ಔಟ್ ಅಂತ ಅಂಪೈರ್ ಬೆರಳೆತ್ತಿದರು. ಬ್ಯಾಟಿಗೆ ತಾಗಿಲ್ಲ ಅಂತ ವಿಶಿಗೆ ಖಾತ್ರಿ. ತೀರ್ಪು ಬದಲಿಸಿ ಎಂದು ಅವರೇ ಕೇಳಿಕೊಂಡು ಟೇಲರ್‌ರನ್ನು ವಾಪಸ್ ಕರೆದರು. ಟೇಲರ್, ಬಾಥಮ್ ಜೋಡಿ 171 ರನ್ ಸೇರಿಸಿತು. ಭಾರತ ಸೋತಿತು. ಆದರೂ ಇವತ್ತಿಗೂ ಜನ ನೆನೆಯೋದು ವಿಶಿಯ ಆ ಒಂದು ನಡೆಯನ್ನೇ.

ಕೌಂಟಿಯಲ್ಲಿ ಕನ್ನಡಿಗರ ಲೆಕ್ಕವೂ ಸಣ್ಣದಲ್ಲ. 1995ರಲ್ಲಿ ನಾರ್ಥಾಂಪ್ಟನ್‌ಷೈರ್‌ಗೆ ಕುಂಬ್ಳೆ 105 ವಿಕೆಟ್ ಕಿತ್ತರು. ಅದೇ ವರ್ಷ ಗ್ಲಾಸ್ಟರ್‌ಷೈರ್‌ಗೆ ಶ್ರೀನಾಥ್ 87. 2000ರಲ್ಲಿ ದ್ರಾವಿಡ್ ಕೆಂಟ್‌ಗೆ ಹೋದರು. ಭಾರತ ತಂಡದಿಂದ ಹೊರಬಿದ್ದಿದ್ದ ಕರುಣ್ ನಾಯರ್ 2024ರಲ್ಲಿ ನಾರ್ಥಾಂಪ್ಟನ್‌ಷೈರ್ ಪರ ಅಜೇಯ 202 ಹೊಡೆದರು. ಇಲ್ಲಿ ಬಾಗಿಲು ಮುಚ್ಚಿದಾಗ ಅಲ್ಲಿ ಒಂದು ಜಿಲ್ಲೆ ಬಾಗಿಲು ತೆರೆಯಿತು.

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಒಂದು ಸಣ್ಣ ಲೆಕ್ಕ. ಅಲ್ಲಿ 18 ತಂಡ ಅಂದ್ರೆ, ಒಂದೇ ದಿನ 198 ಜನ ಪ್ರಥಮ ದರ್ಜೆ ಪಂದ್ಯ ಆಡಬಹುದು. 2011ರ ಜನಗಣತಿ ಪ್ರಕಾರ 6.11 ಕೋಟಿ ಜನರಿರುವ ಕರ್ನಾಟಕಕ್ಕೆ ರಣಜಿಯಲ್ಲಿ ಇರೋದು ಒಂದೇ ತಂಡ, 11 ಜಾಗ. ತಮಾಷೆ ನೋಡಿ, ಆ ಟ್ರೋಫಿಗೆ ಹೆಸರು ಕೊಟ್ಟ ರಣಜಿತ್‌ಸಿಂಹಜಿ ಸ್ವತಃ ಸಸೆಕ್ಸ್ ಕೌಂಟಿಯ ಆಟಗಾರ!

ಶಿವಮೊಗ್ಗದ ನವುಲೆಯಲ್ಲಿ ಈಗ ರಣಜಿ ಪಂದ್ಯ ನಡೆಯುವಂಥ ಮೈದಾನವಿದೆ. ಆದರೆ ಅಲ್ಲಿ ಬೆಳೆದ ಹುಡುಗನಿಗೆ ರಾಜ್ಯ ತಂಡದ ದಾರಿ ಇನ್ನೂ ಬೆಂಗಳೂರಿನ ಮೂಲಕವೇ. ಹದಿನೈದು ವರ್ಷದ ಮಗನನ್ನು ರಾಜಧಾನಿಗೆ ಕಳಿಸಿ, ರೂಮು, ಊಟ, ಕೋಚಿಂಗ್ ಖರ್ಚು ಹೊರೋ ಶಕ್ತಿ ಎಷ್ಟು ಮನೆಗಳಿಗಿದೆ? ಜಿಲ್ಲೆ ಜಿಲ್ಲೆಗಳ ನಡುವೆ ಮೂರು ದಿನದ, ನಾಲ್ಕು ದಿನದ ಪಂದ್ಯಗಳು ಹೆಚ್ಚಲಿ. ಆಯ್ಕೆಗಾರರು ಬಂದು ನವುಲೆಯಲ್ಲಿ ಕೂತು ನೋಡಲಿ. ಭದ್ರಾವತಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಬಂದು, ಆಡಿ, ಹುಡುಗ ರಾತ್ರಿ ಊಟಕ್ಕೆ ಮನೆ ಸೇರಬಹುದು.