ಸಿತಾರಿನ ಮನೆಗೆ ಬಂದ ಚೆಲ್ಲೋ

ಸಂಗೀತವನ್ನೇ ವೃತ್ತಿಯಾಗಿ ವರಿಸಿದ ಇಬ್ಬರು ದಂಪತಿಗಳಾಗಿ, ಒಂದೇ ವೇದಿಕೆಯ ಮೇಲೆ ಸಮಾನಸ್ಕಂಧರಾಗಿ ಕುಳಿತು, ವರ್ಷಾನುವರ್ಷ ನುಡಿಸುತ್ತ ಬಾಳುವುದು ನಮ್ಮ ದೇಶದಲ್ಲಿ ವಿರಳವಾದ ಸಂಗತಿ. ಪತಿ ಹಾಡುವಾಗ ಪತ್ನಿ ಹಿಂದೆ ಕುಳಿತು ತಂಬೂರಿ ಮೀಟುವುದನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಸಮಪಾಲಿನ ಜುಗಲ್‌ಬಂದಿಯನ್ನು ಕಂಡುದು ಕಡಮೆ. ಕರ್ನಾಟಕದ ಸಂಗೀತಕುಟುಂಬವೊಂದರಲ್ಲಿ ಹುಟ್ಟಿ ಈಗ ದೆಹಲಿಯಲ್ಲಿ ನೆಲೆಸಿರುವ ಸಿತಾರ್ ವಾದಕ ಶುಭೇಂದ್ರ ರಾವ್, ಹಾಲೆಂಡಿನಲ್ಲಿ ಹುಟ್ಟಿ ಚೆಲ್ಲೋ ವಾದ್ಯವನ್ನು ಹಿಂದೂಸ್ತಾನಿ ರಾಗಗಳಿಗೆ ಒಗ್ಗಿಸಿದ ಸಾಸ್ಕಿಯಾ ರಾವ್-ದ ಹಾಸ್ ಇವರಿಬ್ಬರದು ಅಂಥದೊಂದು ಜೋಡಿ.

ಶುಭೇಂದ್ರರ ಮನೆಯಲ್ಲಿ ಇಂಥ ಜೋಡಿ ಹೊಸತೇನೂ ಅಲ್ಲ. ತಂದೆ ಎನ್. ಆರ್. ರಾಮರಾಯರು ಪಂಡಿತ ರವಿಶಂಕರರ ಮೊದಮೊದಲ ಶಿಷ್ಯರಲ್ಲೊಬ್ಬರಾಗಿ ಬೆಂಗಳೂರಿನಲ್ಲಿ ಸಿತಾರನ್ನು ಬೆಳೆಸಿದವರು. ತಾಯಿ ನಾಗರತ್ನ ಅವರು ಸರಸ್ವತೀ ವೀಣೆಯ ವಾದಕಿ. ಹೀಗಾಗಿ ದಕ್ಷಿಣಾದಿ, ಉತ್ತರಾದಿ ಎಂದು ನಾವು ಸಭೆಗಳಲ್ಲಿ ವಿಂಗಡಿಸಿ ವಾದಿಸುವ ಎರಡು ಪದ್ಧತಿಗಳೂ ಆ ಮನೆಯ ಒಂದೇ ಪಡಸಾಲೆಯಲ್ಲಿ ಪಾಲು ಕೇಳದೆ ವಾಸವಾಗಿದ್ದುವು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಮೇಣದಲ್ಲಿ ಹುಗಿದು ಅಲುಗಾಡದಂತೆ ನಿಂತಿದ್ದರೆ, ಸಿತಾರಿನ ಬಾಗಿದ ಮೆಟ್ಟಿಲುಗಳು ದಾರದ ಕಟ್ಟಿನಲ್ಲಿ ನಿಂತು, ರಾಗಕ್ಕೆ ತಕ್ಕಂತೆ ಕೂದಲೆಳೆಯಷ್ಟು ಮೇಲಕ್ಕೂ ಕೆಳಕ್ಕೂ ಸರಿಯುವುವು. ಆದರೆ ತಂತಿಯನ್ನು ಮೆಟ್ಟಿಲಿನ ಮೇಲೆ ಪಕ್ಕಕ್ಕೆ ಜಗ್ಗಿ ಒಂದು ಸ್ವರದಿಂದ ಇನ್ನೊಂದನ್ನು ಹೊರಡಿಸುವ ವಿದ್ಯೆ ಎರಡಕ್ಕೂ ಸಮಾನ. ತಾಯಿಯ ಗಮಕವನ್ನೂ ತಂದೆಯ ಮೀಂಡನ್ನೂ ಬಾಲ್ಯದಿಂದ ಒಟ್ಟಿಗೆ ಕೇಳಿದ ಕಿವಿಗೆ ಪರದೇಶದ ವಾದ್ಯವೊಂದು ಪಕ್ಕದಲ್ಲಿ ಕುಳಿತುದು ಅಷ್ಟೇನೂ ಅನ್ಯವೆನಿಸಿರಲಾರದು.

1984ರಲ್ಲಿ ಶುಭೇಂದ್ರರು ದೆಹಲಿಗೆ ತೆರಳಿ ತಮಗೂ ಗುರುಗಳಾದ ರವಿಶಂಕರರ ಮನೆಯಲ್ಲಿಯೇ ಇದ್ದು ಅಭ್ಯಾಸವನ್ನು ಮುಂದುವರಿಸಿದರು. ಅವರು ಸೇರಿದ ಪರಂಪರೆಯನ್ನು ಮೈಹರ್ ಘರಾನೆಯೆನ್ನುತ್ತಾರೆ. ನಮ್ಮ ಸರೋದ್ ವಾದಕ ರಾಜೀವ ತಾರಾನಾಥರೂ ಆ ಘರಾನೆಯವರೇ ಆಗಿದ್ದುದರಿಂದ ಕನ್ನಡಿಗರಿಗೆ ಆ ಹೆಸರು ಅಪರಿಚಿತವಲ್ಲ. ಅದರ ಮೂಲಪುರುಷರಾದ ಬಾಬಾ ಅಲ್ಲಾವುದ್ದೀನ್ ಖಾನರು ಸರೋದಿನೊಡನೆ ಪಿಟೀಲನ್ನೂ ಬಲ್ಲವರು. ಅನಾಥಬಾಲಕರನ್ನು ಕೂಡಿಸಿ ದೇಶಿ ವಿದೇಶಿ ವಾದ್ಯಗಳೆರಡನ್ನೂ ಕೈಗಿತ್ತು ಮೈಹರ್ ಬ್ಯಾಂಡನ್ನು ಕಟ್ಟಿದವರು. ಬಂದೂಕಿನ ನಳಿಗೆಗಳನ್ನು ಕತ್ತರಿಸಿ ನಳತರಂಗವೆಂಬ ವಾದ್ಯವನ್ನು ಮಾಡಿಸಿದವರು. ಚೆಲ್ಲೋ ಈ ವಂಶಕ್ಕೆ ಬಂದುದನ್ನು ಅಪಚಾರವೆಂದು ಗೊಣಗುವವರು ವಂಶಸ್ಥಾಪಕರ ಈ ಸಾಹಸಗಳನ್ನು ಒಮ್ಮೆ ನೆನೆಯುವುದೊಳ್ಳೆಯದು.

ಇದೇ ಘರಾನೆಯಲ್ಲಿ, ಇವರಿಗಿಂತ ಎರಡು ತಲೆಮಾರಿನ ಹಿಂದೆ, ಇನ್ನೊಂದು ದಂಪತಿ ಜುಗಲ್‌ಬಂದಿಯಿತ್ತು. ಬಾಬಾ ಅವರ ಪುತ್ರಿ ಅನ್ನಪೂರ್ಣಾದೇವಿಯವರನ್ನು ರವಿಶಂಕರರು 1941ರಲ್ಲಿ ವಿವಾಹವಾದರು. ಆಕೆಯದು ಮಂದ್ರಸ್ವರದ ದೊಡ್ಡ ಸಿತಾರಿನಂಥ ಸುರ್‌ಬಹಾರ್, ಆತನದು ಸಿತಾರ್. ಜೊತೆಯಾಗಿ ನುಡಿಸಿದ ಕಚೇರಿಗಳು ಬೆರಳೆಣಿಕೆಯವು. ಆಮೇಲೆ ಆಕೆ ಸಭೆಯಿಂದ ಹಿಂದೆ ಸರಿದರು, ದಾಂಪತ್ಯವೂ ಮುರಿಯಿತು. 2018ರಲ್ಲಿ ಕಣ್ಮುಚ್ಚುವವರೆಗೆ ಆ ಮಹಾವಿದುಷಿ ಮುಂಬಯಿಯ ಮನೆಯೊಳಗೆ ಆಯ್ದ ಶಿಷ್ಯರಿಗೆ ಪಾಠ ಹೇಳುತ್ತಲೇ ಉಳಿದರು. ಈ ಪ್ರಕರಣದ ಬಗೆಗೆ ಕಥೆಗಳು ಹೇರಳವಾಗಿವೆ. ಅವುಗಳಲ್ಲಿ ಅರೆಪಾಲಿಗಿಂತ ಹೆಚ್ಚಾಗಿ ನಂಬುವುದು ವಿವೇಕವಲ್ಲವೆಂದು ನನ್ನ ಭಾವನೆ. ಆದರೆ ಆ ಮನೆಯೊಳಗಿನ ಪಾಠ ಎಲ್ಲಿಯವರೆಗೆ ಹರಿಯಿತೆಂಬುದು ನಮ್ಮ ವಿಷಯಕ್ಕೆ ಸಂಬಂಧಪಟ್ಟುದು. ಆಕೆಯ ಶಿಷ್ಯರಲ್ಲೊಬ್ಬರು ಕೊಳಲಿನ ಹರಿಪ್ರಸಾದ್ ಚೌರಾಸಿಯಾ. ಆ ಚೌರಾಸಿಯಾ ಹಾಲೆಂಡಿನ ರಾಟರ್‌ಡ್ಯಾಮ್ ಸಂಗೀತಶಾಲೆಯಲ್ಲಿ ಹಿಂದೂಸ್ತಾನಿ ವಿಭಾಗದ ಮುಖ್ಯಸ್ಥರಾದರು. ಅಲ್ಲಿ ಅವರ ಬಳಿ ಕಲಿತವರಲ್ಲಿ ಸಾಸ್ಕಿಯಾ ಒಬ್ಬರು. ರವಿಶಂಕರರ ಪಾಠ ಶುಭೇಂದ್ರರ ಮೂಲಕ, ಅನ್ನಪೂರ್ಣಾದೇವಿಯವರ ಪಾಠ ಚೌರಾಸಿಯಾ ಅವರ ಮೂಲಕ ಸಾಸ್ಕಿಯಾರವರೆಗೆ ಬಂದು, ಅಂದು ಬೇರೆಯಾದ ಎರಡು ಧಾರೆಗಳು ಒಂದೇ ವೇದಿಕೆಯಲ್ಲಿ ಮತ್ತೆ ಕೂಡಿದುದನ್ನು ನೋಡಿದಾಗ, ವಂಶಾವಳಿಗಳಲ್ಲಿ ಸಾಮಾನ್ಯವಾಗಿ ಆಸಕ್ತಿಯಿಲ್ಲದ ನನಗೂ ಕುತೂಹಲವುಂಟಾಗುತ್ತದೆ.

ಸಾಸ್ಕಿಯಾ ಹುಟ್ಟಿದ್ದು 1971ರಲ್ಲಿ. ಚಿಕ್ಕಂದಿನಿಂದಲೇ ಚೆಲ್ಲೋ ಕಲಿತು, ಸ್ವದೇಶದಲ್ಲಿಯೇ ಹಿಂದೂಸ್ತಾನಿ ಸಂಗೀತಕ್ಕೆ ಮನಸೋತು, 1994ರಲ್ಲಿ ಭಾರತಕ್ಕೆ ಬಂದರು. ರವಿಶಂಕರರ ಶಿಷ್ಯರಾದ ದೀಪಕ್ ಚೌಧುರಿ, ಪಿಟೀಲಿನ ಡಿ. ಕೆ. ದಾತಾರ್ ಮೊದಲಾದವರಲ್ಲಿ ಅಭ್ಯಾಸ ಮಾಡಿದರು. ಆಕೆ ರಾಗಕ್ಕೆ ಒಲಿದುದು ಮೊದಲು, ರಾಯರ ಮನೆಯನ್ನು ಸೇರಿದುದು ಆಮೇಲೆ ಎಂಬುದನ್ನು ಒತ್ತಿ ಹೇಳಬೇಕು. ಸೊಸೆಯಾದವಳೇ ಮನೆಗೆ ಹೊಂದಿಕೊಳ್ಳತಕ್ಕದ್ದೆಂಬ ನಮ್ಮ ರೂಢಿಯ ಕಣ್ಣಿನಿಂದ ಈ ವೃತ್ತಾಂತವನ್ನು ಓದಿದರೆ ಆಕೆಗೆ ಅನ್ಯಾಯವಾದೀತು.

ಪಾಶ್ಚಾತ್ಯ ಚೆಲ್ಲೋ ಎದೆಯೆತ್ತರಕ್ಕೆ ಸಮೀಪವಾದ ವಾದ್ಯ. ವಾದಕರು ಕುರ್ಚಿಯ ಮೇಲೆ ಕುಳಿತು, ತಳದ ಲೋಹದ ಮೊಳೆಯನ್ನು ನೆಲಕ್ಕೂರಿ, ಮೊಣಕಾಲುಗಳ ನಡುವೆ ಅದನ್ನು ಹಿಡಿದು ಕಮಾನಾಡಿಸುತ್ತಾರೆ. ತಂತಿಗಳು ನಾಲ್ಕು, ಒಂದಕ್ಕೊಂದು ಷಡ್ಜ ಪಂಚಮದ ಅಂತರ. ಮೆಟ್ಟಿಲುಗಳಿಲ್ಲದ್ದರಿಂದ ಮೀಂಡು ಅದಕ್ಕೆ ಸಹಜವಾಗಿಯೇ ಒಲಿಯುವುದಾದರೂ, ಸಿತಾರಿನ ತರಬ್ ತಂತಿಗಳು ಹಿನ್ನೆಲೆಯಲ್ಲಿ ತಾವಾಗಿ ಅನುರಣಿಸಿ ಕೊಡುವ ಗುಂಗು ಅದಕ್ಕಿಲ್ಲ. ನೆಲದ ಮೇಲೆ ಕುಳಿತ ಸಹವಾದಕರ ನಡುವೆ ಒಬ್ಬರು ಮಾತ್ರ ಕುರ್ಚಿಯೇರಿದರೆ ಕಣ್ಣಿಗೂ ಒಗ್ಗದು. ಹಾಲೆಂಡಿನ ವಾದ್ಯಶಿಲ್ಪಿ ಎಡ್ವರ್ಡ್ ಫಾನ್ ಟೊಂಗರೆನ್ ಅವರು ಸಾಸ್ಕಿಯಾರಿಗಾಗಿ ಗಾತ್ರವನ್ನು ಕುಗ್ಗಿಸಿ, ನುಡಿಸುವ ತಂತಿಗಳನ್ನು ಐದಕ್ಕೇರಿಸಿ, ಕೆಳಗೆ ಹತ್ತು ಅನುರಣನದ ತಂತಿಗಳನ್ನು ಜೋಡಿಸಿ, ನೆಲದಲ್ಲಿ ಕುಳಿತು ನುಡಿಸಲು ಬರುವಂತಹ ಭಾರತೀಯ ಚೆಲ್ಲೋ ಒಂದನ್ನು ನಿರ್ಮಿಸಿಕೊಟ್ಟರು. ನಮ್ಮ ನಾಡಿನಲ್ಲಿ ಇದಕ್ಕೆ ಪೂರ್ವನಿದರ್ಶನವಿಲ್ಲದಿಲ್ಲ. ತಿರುಮಕೂಡಲಿನ ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಯ ನಾದ ಸಭೆಯ ಕೊನೆಯ ಸಾಲನ್ನು ಮುಟ್ಟದೆಂದು ಇನ್ನು ಮೂರನ್ನು ಸೇರಿಸಿ ಏಳು ಮಾಡಿದಾಗಲೂ ಹುಬ್ಬು ಗಂಟಿಕ್ಕಿದವರಿದ್ದರು.

ಸಿತಾರಿಗೂ ಚೆಲ್ಲೋವಿಗೂ ಜುಗಲ್‌ಬಂದಿಯಾಗುವುದು ಹೊರನೋಟಕ್ಕೆ ಕಾಣುವುದಕ್ಕಿಂತ ಕಠಿನ. ಬೆರಳಿಗೆ ತೊಡುವ ಮಿಜ್ರಾಬಿನ ಪೆಟ್ಟಿಗೆ ಸಿತಾರಿನ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷಯಿಸತೊಡಗುತ್ತದೆ; ಕಮಾನಿನ ಸ್ವರವಾದರೋ ಎಳೆದಷ್ಟು ಕಾಲ ನಿಲ್ಲುತ್ತದೆ. ವಿಲಂಬಿತ ಆಲಾಪದಲ್ಲಿ ಚೆಲ್ಲೋ ಒಂದಿಷ್ಟು ಮೈಮರೆತರೂ ಸಿತಾರು ಮುಳುಗಿಹೋಗುತ್ತದೆ. ದ್ರುತದ ಝಾಲಾದಲ್ಲಿ ಚಿಕಾರಿ ತಂತಿಯ ಸುರಿಮಳೆ ಆರಂಭವಾಯಿತೆಂದರೆ ಹಿಂದುಳಿಯುವ ಸರದಿ ಕಮಾನಿನದು. ಆದಕಾರಣ ಈ ಇಬ್ಬರ ಕಚೇರಿಯನ್ನು ಕೇಳುವವರು ಯಾರು ಯಾವಾಗ ಎಷ್ಟು ಬಿಟ್ಟುಕೊಟ್ಟರೆಂಬುದನ್ನು ಗಮನಿಸುವುದು ಲೇಸು. ಸವಾಲು ಜವಾಬಿನ ಭರದಲ್ಲಿ ಚಪ್ಪಾಳೆ ಗಿಟ್ಟಿಸುವುದು ಯಾರಿಗೂ ಸುಲಭ. ಮಂದ್ರದಲ್ಲಿ ಚೆಲ್ಲೋ ಹಿಡಿದ ಷಡ್ಜದ ಮೇಲೆ ಸಿತಾರಿನ ಒಂದು ಗಾಂಧಾರ ಆರುತ್ತ ಹೋಗುವಾಗ, ಕಮಾನಿನ ಒತ್ತಡ ಕಡಮೆಯಾಗಿ ಅದಕ್ಕೆ ಎಡೆಮಾಡುವ ಸೂಕ್ಷ್ಮದಲ್ಲಿ ಅಭ್ಯಾಸದ ಬೆಲೆ ತಿಳಿಯುತ್ತದೆ.

ಹೊರದೇಶಗಳಲ್ಲಿ ಹೋಲಿಕೆಗೆ ನಿಲ್ಲುವ ದಂಪತಿಗಳೆಂದರೆ ಬ್ರೆಜಿಲಿನ ಗಾಯಕಿ ಫ್ಲೋರಾ ಪುರಿಂ ಮತ್ತು ತಾಳವಾದ್ಯಗಾರ ಐರ್ತೊ ಮೊರೆಯ್ರಾ. 1960ರ ದಶಕದ ಕೊನೆಯಲ್ಲಿ ಅಮೆರಿಕೆಗೆ ಬಂದು, ಜಾಝ್ ಪಿಯಾನೋವಾದಕ ಚಿಕ್ ಕೊರಿಯಾ ಅವರ ಮೇಳದಲ್ಲಿ ಜೊತೆಯಾಗಿ ಹೆಸರು ಗಳಿಸಿದ ಇವರು, 1991ರ ‘ಪ್ಲಾನೆಟ್ ಡ್ರಮ್’ ಧ್ವನಿಮುದ್ರಣದಲ್ಲಿ ನಮ್ಮ ಜಾಕಿರ್ ಹುಸೇನರ ತಬಲೆ, ವಿಕ್ಕು ವಿನಾಯಕರಾಂ ಅವರ ಘಟಗಳ ಜೊತೆಗೂ ಸೇರಿದರು. ಈ ದಂಪತಿಗಳಲ್ಲಿ ಒಬ್ಬರದು ಕಂಠ, ಒಬ್ಬರದು ತಾಳ. ಪಾತ್ರಗಳು ಮೊದಲೇ ಹಂಚಿಹೋಗಿದ್ದುದರಿಂದ ರಾಯ ದಂಪತಿಗಳ ಎದುರಿಗಿರುವ ಪೇಚು ಅವರಿಗೆ ಬರಲಿಲ್ಲ.

ಕಚೇರಿಗಳ ಜೊತೆಗೆ ಶುಭೇಂದ್ರ, ಸಾಸ್ಕಿಯಾ ಇಬ್ಬರೂ ತಮ್ಮ ಹೆಸರಿನ ಪ್ರತಿಷ್ಠಾನವೊಂದನ್ನು ಸ್ಥಾಪಿಸಿ, ‘ಸಂಗೀತ್ ಫಾರ್ ಆಲ್’ ಎಂಬ ಪಠ್ಯಕ್ರಮದ ಮೂಲಕ ಶಾಲೆಯ ಮಕ್ಕಳಿಗೆ ಸಂಗೀತವನ್ನು ಕಲಿಸುತ್ತಿದ್ದಾರೆ.

ಚೆಲ್ಲೋ ವಿದೇಶೀ ವಾದ್ಯವೆಂಬ ಆಕ್ಷೇಪವಾದರೋ ನಮ್ಮ ಕಡೆ ನಿಲ್ಲುವುದಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಭಜನಮಂದಿರಗಳಲ್ಲಿ ದೇವರ ಪಟದೆದುರು ಕುಳಿತಿರುವ ಹಾರ್ಮೋನಿಯಂ ಹುಟ್ಟಿದ್ದು ಯೂರೋಪಿನಲ್ಲಿ. ನೆಲಮಂಗಲ ಸೀಮೆಯ ಹೊನ್ನಪ್ಪ ಭಾಗವತರಂಥವರು ರಂಗದ ಮೇಲೆ ಹಾಡುತ್ತಿದ್ದ ಕಾಲಕ್ಕಾಗಲೇ ಅದು ಊರಿನದೇ ಆಗಿಬಿಟ್ಟಿತ್ತು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ, ಮಗ್ಗದ ಸದ್ದು ನಿಂತ ಮೇಲೆ ಭಜನೆಗೆ ಪೆಟ್ಟಿಗೆ ಬಾರಿಸುವ ಹಿರಿಯರೊಬ್ಬರಿಗೆ ರಾಯ ದಂಪತಿಗಳ ವಾದನದ ವೀಡಿಯೊವನ್ನು ಫೋನಿನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ, “ಇದೇನ್ ಸ್ವಾಮಿ, ಪಿಟೀಲು ಬೆಳೆದು ದೊಡ್ಡೋಳಾಗ್ಬಿಟ್ಟವ್ಳೆ” ಎಂದು ನಕ್ಕರು. ಬಳಿಕ, “ಶ್ರುತಿ ಎಷ್ಟು?” ಎಂದು ಕೇಳಿದರು. ಸಿತಾರಿನ ಷಡ್ಜ ಸಾಮಾನ್ಯವಾಗಿ ಕಪ್ಪು ಒಂದರ ಆಸುಪಾಸಿನಲ್ಲಿರುತ್ತದೆಂದೆ. ಪೆಟ್ಟಿಗೆಯನ್ನು ಹತ್ತಿರಕ್ಕೆಳೆದುಕೊಂಡು ಆ ಸ್ವರದ ಮನೆಯನ್ನೊತ್ತಿ, ಸಾಸ್ಕಿಯಾರ ಕಮಾನಿನ ಹಿಂದೆ ನಾಲ್ಕು ಸ್ವರ ನಡೆದರು. ಐದನೆಯದಕ್ಕೆ ಆಕೆ ಜಾರಿದರು, ಇವರ ಬೆರಳು ಎರಡು ಮನೆಗಳ ನಡುವೆ ನಿಂತಿತು. “ಇದು ನಮ್ ಪೆಟ್ಟಿಗೇಲಿ ಇಲ್ಲ, ಬಿಡಿ. ಇನ್ನೊಂದ್ ಸಲ ಹಾಕಿ, ಆ ಜಾಗಾನ ಬಾಯಲ್ಲಿ ಅಂದ್ ನೋಡ್ತೀನಿ” ಎಂದರು.