ತಲಾಕಿನ ನಂತರವೂ ತೀರದ ಸಾಲ

ಜುಮಾ ಖುತ್ಬಾಗಳಲ್ಲಿ ಸಾಲದ ಮಾತು ಬಂದಾಗ ನಮಗೆ ನೆನಪಾಗುವುದು ಬ್ಯಾಂಕು, ಬಡ್ಡಿ, ಅಂಗಡಿಯ ಬಾಕಿ. ಕೊಡದೆ ಉಳಿಸಿಕೊಂಡ ಮಹ್ರ್ ಕೂಡ ಸಾಲವೇ. ಅದು ನಮಗೆ ನೆನಪಾಗುವುದು ಹೆಚ್ಚಾಗಿ ಮಯ್ಯಿತ್ ಮನೆಯಲ್ಲಿ, 'ಮಾಫ್ ಮಾಡಿಬಿಡಮ್ಮಾ' ಎಂದು ವಿಧವೆಯನ್ನು ಕೇಳುವ ಹೊತ್ತಿಗೆ. ತಲಾಕ್ ಆದವಳ ಬಾಕಿಯನ್ನಂತೂ ಯಾರೂ ಎತ್ತುವುದಿಲ್ಲ.

ಪತ್ನಿಗೆ ಸಂಪತ್ತಿನ ರಾಶಿಯನ್ನೇ ಕೊಟ್ಟಿದ್ದರೂ ಅಗಲುವಾಗ ಅದರಿಂದ ಏನನ್ನೂ ಹಿಂದಕ್ಕೆ ಪಡೆಯಬಾರದೆಂದು ಸೂರಃ ಅನ್ನಿಸಾದ 20ನೇ ಆಯತ್ ಕಲಿಸುತ್ತದೆ. ವಿಚ್ಛೇದಿತೆಯರಿಗೆ ನ್ಯಾಯೋಚಿತವಾದುದನ್ನು ಕೊಡಬೇಕೆಂಬ ಆದೇಶ ಅಲ್‌ಬಕರಃದ 241ನೇ ಆಯತ್‌ನಲ್ಲಿದೆ. ನಿಜವಾಗಿಯೂ ಕೈಲಾಗದ ಸಾಲಗಾರನಿಗೆ ಕಾಲಾವಕಾಶ ಕೊಡಿ ಎಂದೂ ಅದೇ ಸೂರಃದಲ್ಲಿದೆ. ಆದರೆ ಶಕ್ತಿಯಿದ್ದೂ ಮುಂದೂಡುವುದನ್ನು ಪ್ರವಾದಿವರ್ಯರು(ಸ) ಅನ್ಯಾಯವೆಂದಿದ್ದಾರೆ. ಎರಡು ಮಳಿಗೆಗಳ ಬಾಡಿಗೆ ಎಣಿಸುವವನಿಗೆ ಬಡವನ ರಿಯಾಯಿತಿ ಸಲ್ಲದು. ಅಂಥವನಿಂದ ಬಾಕಿ ವಸೂಲು ಮಾಡಲು ಹೊರಟವಳನ್ನು 'ಕೋರ್ಟು ಹತ್ತಿದವಳು' ಎಂದು ಹೀಯಾಳಿಸುವವರು ಮೊದಲು ಈ ಆಯತ್‌ಗಳನ್ನು ಓದಲಿ.

ನಮ್ಮ ದೇಶದ 1986ರ ಮುಸ್ಲಿಂ ಮಹಿಳೆಯರ ವಿಚ್ಛೇದನಾ ಹಕ್ಕುಗಳ ಕಾಯ್ದೆಯ 3ನೇ ಕಲಂ ಈ ಬಾಕಿಗಳನ್ನು ಹೆಸರಿಸಿದೆ: ಇದ್ದತ್ ಅವಧಿಯೊಳಗೆ ಕೊಡಬೇಕಾದ ನ್ಯಾಯಯುತ ಏರ್ಪಾಡು ಮತ್ತು ಜೀವನಾಂಶ, ಮಗು ಹುಟ್ಟಿದಂದಿನಿಂದ ಎರಡು ವರ್ಷ ಅದರ ಪೋಷಣೆಯ ಹಣ, ಮಹ್ರ್, ಮದುವೆಗೆ ಮುಂಚೆ, ಮದುವೆಯಲ್ಲಿ ಅಥವಾ ನಂತರ ಆಕೆಗೆ ಬಂದ ಎಲ್ಲ ಸೊತ್ತು. ಆ ಏರ್ಪಾಡು ಇದ್ದತ್‌ನ ಮೂರು ತಿಂಗಳ ಊಟಕ್ಕಷ್ಟೇ ಅಲ್ಲ, ಆಕೆಯ ಮುಂದಿನ ಬದುಕಿಗೂ ಸಾಕಾಗಬೇಕೆಂದು 2001ರ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಕೆ ಈಗ ವಾಸವಿರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು. ತವರಿನಿಂದ ಗಂಡನ ಊರಿಗೆ ಅಲೆಯಬೇಕಿಲ್ಲ.

ಆದರೆ ಆದೇಶ ಕೈಗೆ ಬಂದರೆ ಹಣ ಬಂದಂತಲ್ಲ. ಕೊಡದಿದ್ದರೆ ಮ್ಯಾಜಿಸ್ಟ್ರೇಟರು ದಂಡ ವಸೂಲಿಯ ರೀತಿಯಲ್ಲಿ ವಾರಂಟ್ ಹೊರಡಿಸಬಹುದು. ಆಗ ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯದ ಬಾಕಿಯಂತೆ ಜಮೀನು, ಮನೆಗಳ ಮೇಲೂ ವಸೂಲಿ ನಡೆಯುತ್ತದೆ. ಇದಕ್ಕೆ ಆಸ್ತಿ ಎಲ್ಲಿದೆ ಎಂದು ತೋರಿಸಬೇಕು. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ, ಆದಾಯಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದೆ. ಅದನ್ನೇ ನಂಬಿ ಕೂರಬಾರದು. ಜಮೀನಿನ ಪಹಣಿ, ಮನೆಯ ಖಾತೆ, ಉಪನೋಂದಣಿ ಕಚೇರಿಯ ಋಣಭಾರ ಪತ್ರ ಮೂರನ್ನೂ ತೆಗೆಸಿಡಬೇಕು.

ಇಲ್ಲಿ ಅನೇಕರು ಎಡವುವ ಒಂದು ಅಂಶವಿದೆ. 'ಆಸ್ತಿಯೆಲ್ಲ ಅಪ್ಪನ ಹೆಸರಲ್ಲಿದೆ, ನನ್ನದೇನೂ ಇಲ್ಲ' ಎಂದು ಗಂಡ ಹೇಳುತ್ತಾನೆ. ಅಪ್ಪ ಬದುಕಿದ್ದರೆ ಅದು ನಿಜ, ನಮ್ಮ ಶರೀಅತ್‌ನಲ್ಲಿ ತಂದೆಯ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದ ಹಕ್ಕಿಲ್ಲ. ಅಪ್ಪ ತೀರಿಹೋಗಿದ್ದರೆ ಮಾತು ಬೇರೆ. ಮರಣದ ಕ್ಷಣದಲ್ಲೇ ಪ್ರತಿ ವಾರಸುದಾರನ ಪಾಲು ನಿಗದಿಯಾಗುತ್ತದೆ. ಖಾತೆ ಬದಲಾಗದಿದ್ದರೂ ಆ ಪಾಲಿನ ಮೇಲೆ ಜಪ್ತಿ ಕೇಳಬಹುದು. ಗಂಡ ಗಲ್ಫ್‌ನಲ್ಲಿದ್ದರೂ ಊರಿನ ಪಾಲು ಊರಿನಲ್ಲೇ ಇರುತ್ತದೆಯಲ್ಲ!

ಇಷ್ಟಾದರೂ ಮಹ್ರ್ ಬಾಕಿಯಿದೆ ಎಂದ ಮಾತ್ರಕ್ಕೆ ಮನೆ ಆಕೆಯದಾಗುವುದಿಲ್ಲ. ಆಕೆ ಸಾಲ ಕೊಟ್ಟವಳ ಸ್ಥಾನದಲ್ಲಿರುತ್ತಾಳೆ. ಅಡಮಾನವಿಲ್ಲದ ಇತರ ಸಾಲಗಾರರಿಗಿಂತ ಮಹ್ರ್‌ಗೆ ಆದ್ಯತೆಯಿಲ್ಲವೆಂದು 1950ರಲ್ಲಿಯೇ ಸುಪ್ರೀಂ ಕೋರ್ಟ್ ಒಬ್ಬ ವಿಧವೆಯ ಪ್ರಕರಣದಲ್ಲಿ ತೀರ್ಮಾನಿಸಿದೆ. ಆದ್ದರಿಂದ ತಡಮಾಡಿದವಳಿಗೆ ನಷ್ಟ. ಆಸ್ತಿ ಮಾರಿ ಅಥವಾ ಅಣ್ಣನಿಗೆ 'ಹಿಬಾ' ಮಾಡಿ ಕೈತೊಳೆದುಕೊಳ್ಳುವ ಸುಳಿವು ಸಿಕ್ಕಿದರೆ ತೀರ್ಪಿಗೆ ಮುಂಚೆಯೇ ಜಪ್ತಿ ಕೋರಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದೆ. ಸ್ವಾಧೀನ ಬಿಟ್ಟುಕೊಡದ ಹಿಬಾ ಪೂರ್ಣವಾಗುವುದಿಲ್ಲ, ಕಾಗದ ಏನೇ ಹೇಳಲಿ. ತಲಾಕಿನ ನಂತರ ಮಹ್ರ್‌ಗಾಗಿ ಸಿವಿಲ್ ದಾವೆ ಹೂಡಲು ಮೂರು ವರ್ಷದ ಮಿತಿಯಿದೆ ಎಂಬುದೂ ನೆನಪಿರಲಿ.

ಚಿನ್ನದ ವಿಷಯ ಇನ್ನೂ ನೋವಿನದು. ತವರಿನವರು ಹಾಕಿದ ಒಡವೆ ಮಾರಿ ಗಂಡನ ಹೆಸರಲ್ಲಿ ಸೈಟು ಕೊಂಡ ಮನೆಗಳು ನಮ್ಮಲ್ಲಿ ಕಡಿಮೆಯೇ? ಆ ಒಡವೆ ಆಕೆಯ ಸ್ವಂತ ಸೊತ್ತು, ಮಹ್ರ್‌ನ ಲೆಕ್ಕದೊಂದಿಗೆ ಅದನ್ನು ಬೆರೆಸಬಾರದು, ಪ್ರತ್ಯೇಕವಾಗಿ ಕೇಳಬೇಕು. ಅಂಗಡಿಯ ಬಿಲ್ಲು, ಮದುವೆಯ ಫೋಟೋ, ಅಡವಿಟ್ಟ ಚೀಟಿ, ಸೈಟಿನ ಕ್ರಯಪತ್ರದ ತಾರೀಖು ಇವೆಲ್ಲ ಸಾಕ್ಷ್ಯ.

ಜಮಾಅತ್ ಕಚೇರಿಗಳಲ್ಲಿ ಬಿಡುಗಡೆಯ ಕಾಗದ ಬರೆಯುವಾಗ ಕೊನೆಯಲ್ಲಿ 'ಇನ್ನು ಪರಸ್ಪರ ಯಾವ ಬಾಕಿಯೂ ಇಲ್ಲ' ಎಂಬ ಸಾಲು ಸೇರಿರುತ್ತದೆ. ಖುಲಾ ಆಗಿದ್ದರೆ ಏನನ್ನು ಬಿಟ್ಟುಕೊಟ್ಟೆ ಎಂದು ಹೆಣ್ಣಿಗೆ ತಿಳಿದಿರಬೇಕು. ತಲಾಕ್ ಆಗಿದ್ದರೆ ಹಣ, ಒಡವೆ ಕೈಸೇರುವ ಮುನ್ನ ಆ ಸಾಲಿನ ಕೆಳಗೆ ಸಹಿ ಹಾಕಬಾರದು. ಮಹ್ರ್ ಇಷ್ಟು, ಕೊಟ್ಟದ್ದು ಇಷ್ಟು, ಉಳಿದದ್ದು ಇಷ್ಟು, ಯಾವ ತಾರೀಖಿನೊಳಗೆ ಎಂದು ಬರೆಸಲು ಮುತವಲ್ಲಿಗಳು ಮನಸ್ಸು ಮಾಡಿದರೆ ಅರ್ಧ ವ್ಯಾಜ್ಯ ಮಸೀದಿಯ ಮೆಟ್ಟಿಲಲ್ಲೇ ಮುಗಿಯುತ್ತದೆ. ವಕೀಲರ ಫೀಸಿಗೆ ಹೆದರುವವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ.